ಬಿಸಿಲಿಗೂ ಮಳೆಗೂ ನಿಲ್ಲುವ ಲೇಬಲ್ ಯಾವುದು?

ಈ ಸಲ ಬಂದ ಪತ್ರಗಳಲ್ಲಿ ನಾಲ್ಕು ಒಂದೇ ವಿಷಯದ ಸುತ್ತ ಇದ್ದವು. ಹೊರಗೆ ಅಂಟಿಸಿದ್ದು, ಕಟ್ಟಿದ್ದು, ಬರೆದದ್ದು ಯಾವುದೂ ಉಳಿಯುತ್ತಿಲ್ಲ ಅಂತ. ಮೈಸೂರಿನ ಹೆಬ್ಬಾಳು ಕೈಗಾರಿಕಾ ಪ್ರದೇಶದಲ್ಲಿ ನೇಮ್‌ಪ್ಲೇಟ್ ಮತ್ತು ಸ್ಕ್ರೀನ್ ಪ್ರಿಂಟಿಂಗ್ ಕೆಲಸ ಮಾಡಿಕೊಂಡು ಬಂದವಳು ನಾನು. ನನಗೆ ತುಂಬ ಹತ್ತಿರದ ವಿಷಯ ಇದು. ಹಾಗಾಗಿ ಉಳಿದ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟು, ಪೂರ್ತಿ ಜಾಗವನ್ನು ಇದಕ್ಕೇ ಕೊಟ್ಟಿದ್ದೇನೆ.

ಪ್ರಶ್ನೆ: ಅಕ್ಕಾ, ನಮಸ್ಕಾರ. ನಮ್ಮದು ಸಣ್ಣ ನರ್ಸರಿ. ಮಾವು, ಸಪೋಟ, ಸೀಬೆ ಕಸಿ ಗಿಡ ಮಾರುತ್ತೇವೆ. ಹೋದ ವರ್ಷ ಬಿಲ್ ಹೊಡೆಯುವ ಮಿಷಿನ್‌ನಲ್ಲೇ ಸ್ಟಿಕ್ಕರ್ ತೆಗೆದು ಗಿಡದ ಕವರ್‌ಗೆ ಅಂಟಿಸಿದೆವು. ಏಪ್ರಿಲ್ ಬರುವಷ್ಟರಲ್ಲಿ ಅಕ್ಷರ ಹೋಗಿ ಬರೀ ಬಿಳಿ ಕಾಗದ ಉಳಿಯಿತು. ಬಾದಾಮಿ ಯಾವುದು, ರಸಪುರಿ ಯಾವುದು ಅಂತ ಕೆಲಸದವರಿಗೂ ಗೊತ್ತಾಗಲಿಲ್ಲ. ಮಾರ್ಕರ್ ಪೆನ್ನಿನಲ್ಲಿ ಬರೆದದ್ದೂ ನಿಲ್ಲಲಿಲ್ಲ. ಜಾಸ್ತಿ ಖರ್ಚಿಲ್ಲದೆ ನಾಲ್ಕೈದು ವರ್ಷ ಬಾಳುವಂಥದ್ದು ಏನಾದರೂ ಇದೆಯಾ?
— ನರ್ಸರಿ ನಡೆಸುವ ಓದುಗರು, ಶ್ರೀರಂಗಪಟ್ಟಣ ತಾಲ್ಲೂಕು

ಉತ್ತರ: ನಿಮ್ಮ ಪತ್ರ ಓದಿದಾಗ ನನಗೆ ನಿಮಗಿಂತ ಮೊದಲು ನಿಮ್ಮಿಂದ ಗಿಡ ಕೊಂಡವರ ಯೋಚನೆ ಬಂತು. ಮಾವಿನ ಎಲೆ ನೋಡಿ ತಳಿ ಹೇಳಬಲ್ಲವರು ಎಷ್ಟು ಜನ ಇದ್ದಾರೆ? ತಂದದ್ದು ಬಾದಾಮಿಯೋ ಅಲ್ಲವೋ ಅಂತ ಕೊಂಡವರಿಗೆ ಗೊತ್ತಾಗುವುದು ಮೂರು ನಾಲ್ಕು ವರ್ಷ ಕಳೆದು ಕಾಯಿ ಕಚ್ಚಿದಾಗ. ಅಷ್ಟು ಹೊತ್ತಿಗೆ ಗುಂಡಿ ತೆಗೆದು, ಗೊಬ್ಬರ ಹಾಕಿ, ಬೇಸಿಗೆಯಲ್ಲಿ ನೀರು ಹೊತ್ತು ಆಗಿರುತ್ತದೆ. ಹಾಗಾಗಿ ನರ್ಸರಿಯಲ್ಲಿ ಗಿಡ ಎಷ್ಟು ಮುಖ್ಯವೋ ಅದರ ಚೀಟಿಯೂ ಅಷ್ಟೇ ಮುಖ್ಯ ಅಂತ ನಾನು ನಂಬಿದ್ದೇನೆ. ಈ ಪ್ರಶ್ನೆ ಕೇಳಿದ್ದಕ್ಕೆ ನಿಮಗೆ ಥ್ಯಾಂಕ್ಸ್ ಹೇಳಬೇಕು.

ಮೊದಲು, ಅಕ್ಷರ ಯಾಕೆ ಹೋಯಿತು ಅಂತ ನೋಡೋಣ. ಬಿಲ್ ಮಿಷಿನ್‌ನಲ್ಲಿ ಶಾಯಿಯೇ ಇರುವುದಿಲ್ಲ. ಆ ಕಾಗದದ ಮೇಲೆ ಒಂದು ಲೇಪ ಇರುತ್ತದೆ. ಮಿಷಿನ್ನಿನ ಬಿಸಿ ತಾಗಿದ ಕಡೆ ಆ ಲೇಪ ಕಪ್ಪಾಗುತ್ತದೆ, ಅದೇ ನಮಗೆ ಅಕ್ಷರವಾಗಿ ಕಾಣುತ್ತದೆ. ಬಿಸಿಲಿಗಿಟ್ಟರೆ ಆ ಕಪ್ಪು ಮಾಸುತ್ತದೆ. ಕಾದ ತಗಡಿನ ಮೇಲೆ ಇಟ್ಟರೆ ಇಡೀ ಕಾಗದವೇ ಕಪ್ಪಾದರೂ ಆಶ್ಚರ್ಯವಿಲ್ಲ. ಅದು ಬಿಲ್‌ಗೆ ಸರಿ, ತೂಕದ ಚೀಟಿಗೆ ಸರಿ. ಹೊರಗಡೆ ಇಡುವುದಕ್ಕೆ ಅಲ್ಲ.

ಮಾರ್ಕರ್ ಪೆನ್ನಿನ ಕಥೆ ಬೇರೆ. ಅದರ ಶಾಯಿ ನೀರಿಗೆ ಜಗ್ಗುವುದಿಲ್ಲ, ಆದರೆ ಬಿಸಿಲಿಗೆ ಜಗ್ಗುತ್ತದೆ. ಬಿಸಿಲಿನಲ್ಲಿರುವ ನೇರಳಾತೀತ ಕಿರಣ ಅದರೊಳಗಿನ ಬಣ್ಣವನ್ನು ಒಡೆದು ಹಾಕುತ್ತದೆ. ಕೆಂಪು ಮತ್ತು ಹಳದಿ ಸಾಮಾನ್ಯವಾಗಿ ಮೊದಲು ಹೋಗುತ್ತವೆ. ಮನೆಯ ಇಂಕ್‌ಜೆಟ್ ಪ್ರಿಂಟರಿನ ಬಣ್ಣದ ಕಥೆಯೂ ಹೆಚ್ಚುಕಡಿಮೆ ಇಷ್ಟೇ, ಜೊತೆಗೆ ಮಳೆ ಬಿದ್ದರೆ ಹರಡಿಕೊಳ್ಳುತ್ತದೆ.

ಬಿಸಿಲು ಏನೂ ಮಾಡಲಾಗದ ಬಣ್ಣವೂ ಇದೆ. ಅದು ಇಂಗಾಲದ ಕಪ್ಪು. ದೀಪದ ಮಸಿ, ಲೇಸರ್ ಪ್ರಿಂಟರಿನ ಕಪ್ಪು ಪುಡಿ, ಪೆನ್ಸಿಲ್ ಕಡ್ಡಿ, ಎಲ್ಲದರ ಕಪ್ಪೂ ಸಾಮಾನ್ಯವಾಗಿ ಇಂಗಾಲದ್ದೇ. ಹಾಗಾಗಿ ನಾನು ನಿಮಗೆ ಹೇಳುವ ಮೊದಲ ಮಾತು: ಮಾರ್ಕರ್ ಕೆಳಗಿಟ್ಟು ಪೆನ್ಸಿಲ್ ತಗೊಳ್ಳಿ. ಮಕ್ಕಳ ಡ್ರಾಯಿಂಗಿಗೆ ಬರುವ 2ಬಿ ಅಥವಾ 4ಬಿ ಪೆನ್ಸಿಲ್. ನರ್ಸರಿ ಸಾಮಾನು ಮಾರುವ ಕಡೆ ಸಿಗುವ ಬಿಳಿ ಪ್ಲಾಸ್ಟಿಕ್ ಪಟ್ಟಿಯ ಮೇಲೆ ಅದರಲ್ಲಿ ಒತ್ತಿ ಬರೆಯಿರಿ. ಪಟ್ಟಿ ತೀರ ನುಣುಪಾಗಿದ್ದರೆ ಪೆನ್ಸಿಲ್ ಜಾರುತ್ತದೆ. ಉಪ್ಪುಕಾಗದದಲ್ಲಿ ಒಂದು ಸಲ ಉಜ್ಜಿಕೊಂಡರೆ ಸಾಕು. ಎಷ್ಟೋ ಜನಕ್ಕೆ ನಂಬಿಕೆ ಬರುವುದಿಲ್ಲ, ಆದರೆ ಪೆನ್ಸಿಲ್ ಅಕ್ಷರ ಮಳೆಗೂ ಹೋಗುವುದಿಲ್ಲ, ಬಿಸಿಲಿಗೂ ಹೋಗುವುದಿಲ್ಲ. ಅದು ಹೋಗುವುದು ಉಜ್ಜಿದರೆ ಮಾತ್ರ.

ಆಮೇಲೆ ಸೋಲುವುದು ಪ್ಲಾಸ್ಟಿಕ್. ತೆಳು ಪಟ್ಟಿ ಬಿಸಿಲಲ್ಲಿ ಒಣಗಿ ಪೆಡಸಾಗಿ ಚಟ್ ಅಂತ ಮುರಿಯುತ್ತದೆ. ನರ್ಸರಿಯಲ್ಲಿ ಗಿಡ ಇರುವಷ್ಟು ದಿನ ಅದು ಸಾಕು. ನಿಮಗೆ ಬೇಕಿರುವುದು ನಾಲ್ಕೈದು ವರ್ಷ. ಅದಕ್ಕೆ ನನ್ನ ಉತ್ತರ ಅಲ್ಯೂಮಿನಿಯಂ.

ಹೊಸ ತಗಡು ಕೊಳ್ಳಬೇಡಿ. ಮೈಸೂರು, ಮಂಡ್ಯದಲ್ಲಿ ಆಫ್‌ಸೆಟ್ ಪ್ರೆಸ್‌ಗಳಿಗೆ ಬರವಿಲ್ಲ. ಅವರು ಒಂದು ಸಲ ಅಚ್ಚು ಹಾಕಿದ ಪ್ಲೇಟನ್ನು ಗುಜರಿಗೆ ಹಾಕುತ್ತಾರೆ. ಆ ಪ್ಲೇಟ್ ಅಂದರೆ ತೆಳುವಾದ ಅಲ್ಯೂಮಿನಿಯಂ ಹಾಳೆ, ಮನೆಯ ಕತ್ತರಿಯಲ್ಲೇ ಕತ್ತರಿಸಬಹುದು. ತೂಕದ ಲೆಕ್ಕದಲ್ಲಿ ಕೊಡುತ್ತಾರೆ. ಎರಡು ಬೆರಳಗಲ, ಗೇಣಿಗಿಂತ ಸ್ವಲ್ಪ ಕಡಿಮೆ ಉದ್ದಕ್ಕೆ ಪಟ್ಟಿ ಕತ್ತರಿಸಿ. ಅಂಚು ಹರಿತ ಇರುತ್ತದೆ, ಮೂಲೆಗಳನ್ನು ಗುಂಡಗೆ ಮಾಡಿ. ಅಂಚನ್ನು ಒಳಗೆ ಮಡಿಸಿದರೆ ಇನ್ನೂ ಒಳ್ಳೆಯದು. ಅಚ್ಚಿಲ್ಲದ ಬದಿಯನ್ನು ಮೇಲೆ ಮಾಡಿ ಹಳೇ ಮ್ಯಾಗಜಿನ್ ಮೇಲಿಟ್ಟು ಬಾಲ್ ಪೆನ್ನಿನಲ್ಲಿ ಗಟ್ಟಿಯಾಗಿ ಒತ್ತಿ ಬರೆಯಿರಿ. ಕೆಳಗೆ ಮೆತ್ತಗಿದ್ದರೆ ತಗಡಿನಲ್ಲಿ ಗೀರು ಆಳವಾಗಿ ಬೀಳುತ್ತದೆ. ಪೆನ್ನಿನ ಶಾಯಿ ಒಂದು ತಿಂಗಳಿಗೆ ಹೋಗಬಹುದು, ಹೋಗಲಿ ಬಿಡಿ. ಗೀರು ಇರುತ್ತದೆ. ಬೆರಳಲ್ಲಿ ಸವರಿದರೂ ಓದಬಹುದು.

ನೇಮ್‌ಪ್ಲೇಟ್ ಕೆಲಸದಲ್ಲಿ ನಾನು ಕಲಿತದ್ದರಲ್ಲಿ ದೊಡ್ಡದು ಇದೇ. ವಸ್ತುವಿನ ಮೇಲೆ ಹಚ್ಚಿದ್ದನ್ನು ಬಿಸಿಲು ಒಂದಲ್ಲ ಒಂದು ದಿನ ತಿನ್ನುತ್ತದೆ. ವಸ್ತುವಿನೊಳಗೆ ಒತ್ತಿದ್ದು, ಕೊರೆದದ್ದು, ಆ ವಸ್ತು ಇರುವವರೆಗೂ ಇರುತ್ತದೆ. ದುಬಾರಿ ಸ್ಟಿಕ್ಕರ್‌ಗೆ ದುಡ್ಡು ಹಾಕುವ ಮೊದಲು "ಇದನ್ನು ಒತ್ತಿ ಬರೆಯೋಕೆ ಆಗುತ್ತಾ?" ಅಂತ ಕೇಳಿಕೊಳ್ಳಿ.

ಕನ್ನಡದಲ್ಲಿ ಒತ್ತಿ ಬರೆಯುವಾಗ ಒಂದು ತೊಂದರೆ ಇದೆ. ಒತ್ತಕ್ಷರ ಕೆಳಗೆ ಇಳಿಯುತ್ತದೆ, ಸಣ್ಣ ಪಟ್ಟಿಯಲ್ಲಿ ಕಲಸಿಹೋಗುತ್ತದೆ. 'ಮಲ್ಲಿಕಾ' ಅಂತ ಸಣ್ಣದಾಗಿ ಬರೆದು ನೋಡಿ, ಗೊತ್ತಾಗುತ್ತದೆ. ಒಂದೇ ಸಾಲು, ದೊಡ್ಡಕ್ಷರ. ಬೇರೆ ವಿವರವೆಲ್ಲ ರಿಜಿಸ್ಟರ್‌ನಲ್ಲಿರಲಿ, ತಗಡಿನ ಮೇಲೆ ತಳಿಯ ಹೆಸರು ಮತ್ತು ಒಂದು ನಂಬರ್ ಮಾತ್ರ. ಹಾರ್ಡ್‌ವೇರ್ ಅಂಗಡಿಯಲ್ಲಿ ಉಕ್ಕಿನ ನಂಬರ್ ಪಂಚ್ ಸೆಟ್ ಸಿಗುತ್ತದೆ. ಸುತ್ತಿಗೆಯಲ್ಲಿ ಒಂದೇಟು ಹಾಕಿದರೆ ನಂಬರ್ ಮೂಡುತ್ತದೆ. ಕಸಿ ಕಟ್ಟಿದ ತಿಂಗಳು, ಕಡ್ಡಿ ತಂದ ತಾಯಿಮರ, ಇವೆಲ್ಲ ಆ ನಂಬರಿನ ಮುಂದೆ ಪುಸ್ತಕದಲ್ಲಿರಲಿ.

ಇನ್ನು ಕಟ್ಟುವುದು. ಎಷ್ಟೋ ಒಳ್ಳೆಯ ಲೇಬಲ್‌ಗಳು ಇಲ್ಲೇ ಹಾಳಾಗುತ್ತವೆ, ಕೆಲವು ಸಲ ಗಿಡವೂ ಹಾಳಾಗುತ್ತದೆ. ತಂತಿಯನ್ನು ಕಾಂಡಕ್ಕೆ ಬಿಗಿಯಾಗಿ ಸುತ್ತಬೇಡಿ. ಗಿಡ ದಪ್ಪಗಾದಂತೆ ತಂತಿ ತೊಗಟೆಯೊಳಗೆ ಇಳಿದು ಕತ್ತು ಹಿಸುಕಿದ ಹಾಗೆ ಆಗುತ್ತದೆ. ಎಲೆಯಲ್ಲಿ ತಯಾರಾದ ಆಹಾರ ತೊಗಟೆಯ ಮೂಲಕವೇ ಬೇರಿಗೆ ಇಳಿಯಬೇಕು. ಅದು ಅಲ್ಲಿಗೆ ನಿಂತರೆ ಗಿಡ ಸೊರಗುತ್ತದೆ. ಕಸಿ ಕೂಡಿದ ಜಾಗದಿಂದ ದೂರ, ಪಕ್ಕದ ಕೊಂಬೆಗೆ ದೊಡ್ಡ ಕುಣಿಕೆ ಹಾಕಿ ಸಡಿಲವಾಗಿ ನೇತುಹಾಕಿ. ಊರುಗೋಲು ಇದ್ದರೆ ಅದಕ್ಕೇ ಕಟ್ಟಿ. ಅಲ್ಯೂಮಿನಿಯಂ ತಗಡಿಗೆ ತಾಮ್ರದ ತಂತಿ ಬೇಡ. ಎರಡು ಬೇರೆ ಲೋಹ ಒದ್ದೆಯಾಗಿ ಒಂದಕ್ಕೊಂದು ತಾಗಿಕೊಂಡಿದ್ದರೆ ಅಲ್ಯೂಮಿನಿಯಂ ಸವೆಯುತ್ತದೆ, ತೂತು ದೊಡ್ಡದಾಗಿ ಒಂದು ದಿನ ಪಟ್ಟಿ ಕೆಳಗೆ ಬಿದ್ದಿರುತ್ತದೆ. ಅಲ್ಯೂಮಿನಿಯಂ ತಂತಿ ಅಥವಾ ಪ್ಲಾಸ್ಟಿಕ್ ಹೊದಿಸಿದ ತಂತಿ ಬಳಸಿ. ಕೇಬಲ್ ಟೈ ಆದರೆ ಕಪ್ಪು ಬಣ್ಣದ್ದೇ ತಗೊಳ್ಳಿ. ಬಿಳಿಯದು ಬಿಸಿಲಿಗೆ ಬೇಗ ಪುಡಿಯಾಗುತ್ತದೆ. ಕಪ್ಪಿನಲ್ಲಿ ಇಂಗಾಲ ಇರುವುದರಿಂದ ಅದು ಬಿಸಿಲನ್ನು ಮೇಲೆಯೇ ತಡೆದುಕೊಳ್ಳುತ್ತದೆ.

ಗಿಡಕ್ಕೆ ಶಿಲೀಂಧ್ರ ರೋಗ ಬರದಿರಲಿ ಅಂತ ಬೋರ್ಡೋ ದ್ರಾವಣ ಹೊಡೆಯುತ್ತೀರಲ್ವಾ? ಅದರಲ್ಲಿರುವ ಮೈಲುತುತ್ತವೂ ಸುಣ್ಣವೂ ಅಲ್ಯೂಮಿನಿಯಂಗೆ ಆಗಿಬರುವುದಿಲ್ಲ. ಸಿಂಪಡಿಸಿದ ದಿನ ತಗಡಿನ ಮೇಲೆ ಸ್ವಲ್ಪ ಚಿಮ್ಮಿದರೆ ಭಯವಿಲ್ಲ, ಆದರೆ ಪ್ರತಿ ಸಲ ತೊಯ್ದು ಹೋದರೆ ಕ್ರಮೇಣ ಗುಳಿ ಬೀಳುತ್ತದೆ. ಆಮೇಲೆ ಒಂದು ಸಲ ನೀರು ಎರಚಿಬಿಡಿ.

ಇನ್ನೊಂದು ಕೆಲಸ ತಪ್ಪದೆ ಮಾಡಿ. ಅದೇ ನಂಬರಿನ ಎರಡನೇ ಪಟ್ಟಿ ಬರೆದು ಗಿಡದ ಕವರಿನ ಮಣ್ಣಿನೊಳಗೆ ಅಂಚಿನಲ್ಲಿ ಹುಗಿಯಿರಿ. ಇದಕ್ಕೆ ಪ್ಲಾಸ್ಟಿಕ್ ಪಟ್ಟಿ, ಪೆನ್ಸಿಲ್ ಸಾಕು. ಮಣ್ಣಿನೊಳಗೆ ಬಿಸಿಲಿಲ್ಲ, ಹಾಗಾಗಿ ಪ್ಲಾಸ್ಟಿಕ್ ಪೆಡಸಾಗುವುದಿಲ್ಲ. ಮೇಲಿನದನ್ನು ಮೇಕೆ ಕಿತ್ತುಹಾಕಿದರೂ ಕೆಳಗಿನದು ಇರುತ್ತದೆ.

ಗಿಡದ ಸಂಖ್ಯೆ ಸಾವಿರ ದಾಟಿ ಕೈಯಲ್ಲಿ ಬರೆಯೋಕೆ ಆಗುವುದಿಲ್ಲ ಅನ್ನುವ ಕಾಲ ಬಂದರೆ, ರಿಬ್ಬನ್ ಹಾಕುವ ಲೇಬಲ್ ಪ್ರಿಂಟರ್ ಇರುವವರ ಹತ್ತಿರ ಹೋಗಿ. ಅಲ್ಲಿ ಎರಡು ವಿಷಯ ಕೇಳಿ. ರಿಬ್ಬನ್ 'ವ್ಯಾಕ್ಸ್' ಬೇಡ, 'ರೆಸಿನ್' ಬೇಕು. ಪಟ್ಟಿ ಕಾಗದದ್ದು ಬೇಡ, ಪಾಲಿಯೆಸ್ಟರ್ ಬೇಕು. ವ್ಯಾಕ್ಸ್ ರಿಬ್ಬನ್ ಅಗ್ಗ, ಆದರೆ ಮೇಣವಾದ್ದರಿಂದ ಉಗುರಲ್ಲಿ ಕೆರೆದರೆ ಬರುತ್ತದೆ. ದೊಡ್ಡ ಆರ್ಡರ್ ಕೊಡುವ ಮೊದಲು ನಾಲ್ಕು ಸ್ಯಾಂಪಲ್ ತಂದು, ಅರ್ಧ ಭಾಗಕ್ಕೆ ಅಲ್ಯೂಮಿನಿಯಂ ಫಾಯಿಲ್ ಸುತ್ತಿ, ಫೆಬ್ರವರಿಯಲ್ಲಿ ಶೀಟಿನ ಮೇಲೆ ದಕ್ಷಿಣಕ್ಕೆ ಮುಖ ಮಾಡಿ ಕಟ್ಟಿ. ಮೇ ತಿಂಗಳ ಮಳೆ ಕಳೆದ ಮೇಲೆ ಫಾಯಿಲ್ ಬಿಚ್ಚಿ ಎರಡೂ ಅರ್ಧ ಹೋಲಿಸಿ. ಅಂಗಡಿಯವರ ಮಾತು, ನನ್ನ ಮಾತು, ಎಲ್ಲಕ್ಕಿಂತ ಅದನ್ನು ನಂಬಿ.

ಪ್ರಶ್ನೆ: ಮೇಡಂ, ನಮ್ಮ ಗದ್ದೆಯಲ್ಲಿ ಮೂರು ಮೋಟಾರ್ ಇವೆ. ಯಾವ ಸ್ಟಾರ್ಟರ್ ಯಾವ ಬೋರ್‌ನದು ಅಂತ ಸ್ಟಿಕ್ಕರ್ ಅಂಟಿಸಿದರೆ ಆರು ತಿಂಗಳಿಗೆ ಸುರುಳಿ ಸುತ್ತಿಕೊಂಡು ಬೀಳುತ್ತದೆ. 'ಅಪಾಯ' ಅಂತ ಕೆಂಪಲ್ಲಿ ಬರೆಸಿದ್ದೂ ಮಾಸಿಹೋಗಿದೆ. ಡ್ರಿಪ್ ಪೈಪಿಗೆ ಅಂಟಿಸಿದ್ದಂತೂ ಮರುದಿನವೇ ಇರಲಿಲ್ಲ. ಏನು ಮಾಡಲಿ?
— ಕಬ್ಬು ಬೆಳೆಗಾರರು, ಮದ್ದೂರು ತಾಲ್ಲೂಕು

ಉತ್ತರ: ಇದು ಜೀವದ ವಿಷಯ. ಒಂದು ಮೋಟಾರ್ ಆಫ್ ಮಾಡಿದ್ದೀನಿ ಅಂದುಕೊಂಡು ಇನ್ನೊಂದರ ವೈರ್ ಮುಟ್ಟುವ ಪರಿಸ್ಥಿತಿ ಯಾರಿಗೂ ಬರಬಾರದು.

ಸ್ಟಿಕ್ಕರ್ ಬೀಳುವುದಕ್ಕೆ ಅಂಟಿಗಿಂತ ಡಬ್ಬದ ಮೈ ಕಾರಣ ಇರಬಹುದು. ಒಣ ಅಂಗೈಯಲ್ಲಿ ಡಬ್ಬವನ್ನು ಒರೆಸಿ ನೋಡಿ. ಕೈಗೆ ಬಣ್ಣದ ಪುಡಿ ಬಂದರೆ ಅದರ ಪೇಂಟ್ ಬಿಸಿಲಿಗೆ ಸತ್ತಿದೆ ಅಂತ. ಎಂಥ ಅಂಟಾದರೂ ಆ ಪುಡಿಗೆ ಹಿಡಿದುಕೊಳ್ಳುತ್ತದೆಯೇ ಹೊರತು ಡಬ್ಬಕ್ಕಲ್ಲ. ಅಂಥ ಕಡೆ ಉಜ್ಜಿ ಹೊಸ ಪೇಂಟ್ ಹೊಡೆದು, ಚೆನ್ನಾಗಿ ಒಣಗಿದ ಮೇಲೇ ಅಂಟಿಸಬೇಕು.

ಪೇಂಟ್ ಗಟ್ಟಿಯಾಗಿದ್ದರೆ ಸೋಪಿನ ನೀರಲ್ಲಿ ತೊಳೆದು ಒಣಗಿಸಿ. ಆಮೇಲೆ ಸ್ಪಿರಿಟ್ ಹಾಕಿದ ಬಟ್ಟೆಯಲ್ಲಿ ಒರೆಸಿ. ಸೀಮೆಎಣ್ಣೆ, ಡೀಸೆಲ್ ಬೇಡವೇ ಬೇಡ. ಒರೆಸಿದ ಮೇಲೂ ಎಣ್ಣೆಯ ಪದರ ಉಳಿದುಬಿಡುತ್ತದೆ. ಮಧ್ಯಾಹ್ನದ ಸುಡು ಬಿಸಿಲಲ್ಲಿ ಅಂಟಿಸಬೇಡಿ, ಮುಂಜಾನೆಯ ಇಬ್ಬನಿ ಇರುವಾಗಲೂ ಬೇಡ. ಸ್ಟಿಕ್ಕರಿನ ಮೂಲೆಗಳನ್ನು ಗುಂಡಗೆ ಕತ್ತರಿಸಿ, ಯಾಕೆಂದರೆ ಏಳಲು ಶುರುವಾಗುವುದು ಚೂಪು ಮೂಲೆಯಿಂದಲೇ. ನಡುವಿನಿಂದ ಅಂಚಿಗೆ ಗಟ್ಟಿಯಾಗಿ ಒತ್ತಿ ಉಜ್ಜಿ. ಅಕ್ರಿಲಿಕ್ ಅಂಟು ಪೂರ್ತಿ ಹಿಡಿಯಲು ಒಂದರಿಂದ ಮೂರು ದಿನ ಬೇಕು. ಹಾಗಾಗಿ ಮಳೆ ಮೋಡ ಇಲ್ಲದ ದಿನ ನೋಡಿಕೊಳ್ಳಿ.

ಸುರುಳಿ ಸುತ್ತುವುದು ಅಗ್ಗದ ವಿನೈಲ್ ಸ್ಟಿಕ್ಕರಿನ ಗುಣ. ಅದನ್ನು ಮೆತ್ತಗೆ ಇಡಲು ಹಾಕಿದ ಪದಾರ್ಥ ಬಿಸಿಲಿಗೆ ಕಳೆದುಹೋಗಿ ಅದು ಕುಗ್ಗುತ್ತದೆ. ಪಾಲಿಯೆಸ್ಟರ್ ಅಷ್ಟು ಕುಗ್ಗುವುದಿಲ್ಲ. ಮೇಲೆ ಯು.ವಿ., ಅಂದರೆ ನೇರಳಾತೀತ ಕಿರಣ ತಡೆಯುವ ಲ್ಯಾಮಿನೇಷನ್ ಹಾಕಿಸಿ, ಅಂಟು ರಬ್ಬರಿನದು ಬೇಡ, ಅಕ್ರಿಲಿಕ್ ಬೇಕು ಅಂತ ಬಾಯಿಬಿಟ್ಟು ಹೇಳಿ.

ಕೆಂಪಕ್ಷರ ಬೇಡ. ಎಲ್ಲಕ್ಕಿಂತ ಮುಖ್ಯವಾದ ಮಾತನ್ನು ಎಲ್ಲಕ್ಕಿಂತ ಬೇಗ ಹೋಗುವ ಬಣ್ಣದಲ್ಲಿ ಬರೆಸುವ ಈ ಪದ್ಧತಿ ನನಗೆ ಯಾವತ್ತೂ ನೋವು ಕೊಡುತ್ತದೆ. ಹಳದಿ ನೆಲದ ಮೇಲೆ ಕಪ್ಪು ಅಕ್ಷರ ಮಾಡಿಸಿ. ಹಳದಿ ಮಾಸಿದರೂ 'ಅಪಾಯ' ಉಳಿಯುತ್ತದೆ. ಕೆಂಪೇ ಬೇಕಾದರೆ ರೆಡ್ ಆಕ್ಸೈಡ್ ಪೇಂಟ್. ಅದು ಕಬ್ಬಿಣದ ಆಕ್ಸೈಡ್, ನಮ್ಮ ಕಾವಿ ಮಣ್ಣಿನ ಬಣ್ಣವೂ ಅದೇ. ಬಿಸಿಲಿಗೆ ಮಾಸುವುದಿಲ್ಲ.

ಇದನ್ನೆಲ್ಲ ಮಾಡಿದರೂ ಬೋರ್ ನಂಬರನ್ನು ಸ್ಟಿಕ್ಕರಿನ ಮೇಲೆ ಮಾತ್ರ ಬಿಡಬೇಡಿ. ಕೊರೆದ ಅಲ್ಯೂಮಿನಿಯಂ ಪ್ಲೇಟ್ ಮಾಡಿಸಿ, ಎಲೆಕ್ಟ್ರಿಷಿಯನ್ ಕೈಯಲ್ಲೇ, ಮೇನ್ ಪೂರ್ತಿ ಆಫ್ ಮಾಡಿಸಿ, ಡಬ್ಬದ ಹೊರಗಿರುವ ಸ್ಕ್ರೂಗೇ ಸೇರಿಸಿ ಕೂರಿಸಿ. ಹೊಸ ತೂತು ಕೊರೆದರೆ ಮಳೆ ನೀರು, ಇರುವೆ ಒಳಗೆ ಹೋಗುತ್ತವೆ. ಬಾಗಿಲಿನ ಒಳಮುಖಕ್ಕೂ ಒಂದು ಅಂಟಿಸಿ. ಅಲ್ಲಿ ಬಿಸಿಲೇ ಬೀಳುವುದಿಲ್ಲ, ಸಾಧಾರಣ ಲೇಬಲ್ ಕೂಡ ವರ್ಷಗಟ್ಟಲೆ ಇರುತ್ತದೆ.

ಡ್ರಿಪ್ ಪೈಪ್ ಪಾಲಿಥಿನ್. ಅದರ ಮೈಗೆ ಯಾವ ಅಂಟೂ ನೆಟ್ಟಗೆ ಹಿಡಿಯುವುದಿಲ್ಲ, ನಿಮ್ಮ ತಪ್ಪಲ್ಲ. ತಗಡಿನ ಪಟ್ಟಿಯನ್ನು ಕಪ್ಪು ಕೇಬಲ್ ಟೈನಲ್ಲಿ ಕಟ್ಟಿ. ಗೇಟ್‌ವಾಲ್ವ್ ಹತ್ತಿರ ಕಲ್ಲುಕಂಬ ಇದ್ದರೆ ಅದರ ಮೇಲೇ ನಂಬರ್ ಕೊರೆಸಿಬಿಡಿ.

ಪ್ರಶ್ನೆ: ನಮ್ಮ ಶಾಲೆಯ ಆವರಣದಲ್ಲಿ ಹೊಂಗೆ, ಬೇವು, ನೇರಳೆ, ತೆಂಗು ಎಲ್ಲ ಇವೆ. ಮಕ್ಕಳಿಗೆ ಗೊತ್ತಾಗಲಿ ಅಂತ ಹೆಸರು ಹಾಕಬೇಕು. ಲ್ಯಾಮಿನೇಷನ್ ಮಾಡಿಸಿದ ಕಾಗದಕ್ಕೆ ನೀರು ಹೋಗಿ ಹಾಳಾಯಿತು. ಬೋರ್ಡ್ ಮಾಡಿಸಿ ಮೊಳೆ ಹೊಡೆಯಬಹುದಾ? ಮರ ಬೆಳೆದಂತೆ ಬೋರ್ಡ್ ಮೇಲೆ ಹೋಗುವುದಿಲ್ಲವಾ?
— ಶಿಕ್ಷಕಿ, ಮೈಸೂರು

ಉತ್ತರ: ಇಲ್ಲ ಮೇಡಂ, ಮೇಲೆ ಹೋಗುವುದಿಲ್ಲ. ಮರ ಎತ್ತರವಾಗುವುದು ಕೊಂಬೆಯ ತುದಿಯಲ್ಲಿ. ಎದೆ ಮಟ್ಟಕ್ಕೆ ಹೊಡೆದ ಮೊಳೆ ಎಷ್ಟು ವರ್ಷವಾದರೂ ಅದೇ ಮಟ್ಟದಲ್ಲಿರುತ್ತದೆ. ಆದರೆ ಕಾಂಡ ದಪ್ಪಗಾಗುತ್ತದೆ, ಬಿಗಿಯಾಗಿ ಹೊಡೆದ ಬೋರ್ಡನ್ನು ಅಂಚಿನಿಂದ ನುಂಗುತ್ತಾ ಹೋಗುತ್ತದೆ. ಇದನ್ನು ಮಕ್ಕಳಿಗೂ ತೋರಿಸಿ, ಒಳ್ಳೆಯ ಪಾಠ.

ನನ್ನ ಕೇಳಿದರೆ ಮರದ ಮುಂದೆ ಒಂದು ಗೂಟ ನೆಟ್ಟು ಅದಕ್ಕೆ ಬೋರ್ಡ್ ಹಾಕಿ. ಮರಕ್ಕೇ ಬೇಕು ಅಂದರೆ ತುಕ್ಕು ಹಿಡಿಯದ ಮೊಳೆ, ಬೋರ್ಡಿಗೂ ಮೊಳೆಯ ತಲೆಗೂ ನಡುವೆ ಒಂದು ಸಣ್ಣ ಸ್ಪ್ರಿಂಗ್. ಮರ ದಪ್ಪಗಾದಂತೆ ಬೋರ್ಡ್ ಹಿಂದಿನಿಂದ ತಳ್ಳಿಕೊಂಡು ಬರುತ್ತದೆ, ಸ್ಪ್ರಿಂಗ್ ಜಾಗ ಬಿಟ್ಟುಕೊಡುತ್ತದೆ. ತೆಂಗಿಗೆ ಮಾತ್ರ ಮೊಳೆ ಬೇಡ. ಹೊಂಗೆ, ನೇರಳೆ ಗಾಯವನ್ನು ಸುತ್ತಿಕೊಂಡು ಮುಚ್ಚಿಕೊಳ್ಳುತ್ತವೆ. ತೆಂಗು ಹಾಗೆ ಮುಚ್ಚಿಕೊಳ್ಳುವ ಮರವಲ್ಲ, ತೂತು ತೂತಾಗೇ ಉಳಿಯುತ್ತದೆ. ಅದಕ್ಕೆ ಕಟ್ಟಿ. ತೆಂಗಿನ ಕಾಂಡ ಆಮೇಲೆ ಜಾಸ್ತಿ ದಪ್ಪಗಾಗುವುದಿಲ್ಲ, ಕಟ್ಟಿದ್ದು ಕೊರೆಯುವ ಭಯವೂ ಕಡಿಮೆ.

ಬೋರ್ಡಿಗೆ ಬಿಳಿ ಪೇಂಟ್ ಹಾಕಿದ ಅಲ್ಯೂಮಿನಿಯಂ ಶೀಟ್, ಕಪ್ಪು ಎನಾಮಲ್ ಅಕ್ಷರ. ಅಕ್ರಿಲಿಕ್ ಶೀಟೂ ಬಿಸಿಲಿಗೆ ಚೆನ್ನಾಗಿ ನಿಲ್ಲುತ್ತದೆ, ಆದರೆ ಶಾಲೆ ಅಂದ ಮೇಲೆ ಕ್ರಿಕೆಟ್ ಬಾಲ್ ಬರುತ್ತದೆ, ಬಿರುಕು ಬಿಡುತ್ತದೆ. ಸ್ವಲ್ಪ ದಿನದ ಮಟ್ಟಿಗೆ ಲ್ಯಾಮಿನೇಷನ್ ಕಾಗದವೇ ಸಾಕು ಅನ್ನಿಸಿದರೆ, ಕಾಗದದ ಸುತ್ತ ಅರ್ಧ ಬೆರಳಿನಷ್ಟು ಬರೀ ಪ್ಲಾಸ್ಟಿಕ್ ಅಂಚು ಬಿಟ್ಟು ಕತ್ತರಿಸಿ. ಅಂಚಿನ ಜೊತೆಗೆ ಕಾಗದವನ್ನೂ ಕತ್ತರಿಸಿದರೆ ಅಥವಾ ಕಾಗದದ ಮೇಲೇ ತೂತು ಹೊಡೆದರೆ ನೀರು ಅಲ್ಲಿಂದಲೇ ಹತ್ತುತ್ತದೆ. ನಿಮಗೆ ಆಗಿದ್ದೂ ಅದೇ ಇರಬೇಕು.

ಪ್ರಶ್ನೆ: ನಮ್ಮ ಊರಿನದೇ ವೋಟಿನ ಶಾಯಿ ಇದೆಯಲ್ಲಾ, ಎಷ್ಟು ತೊಳೆದರೂ ಹೋಗುವುದಿಲ್ಲ. ತಾರಸಿಯ ಮಣ್ಣಿನ ಕುಂಡಗಳ ಮೇಲೆ ಅದರಲ್ಲಿ ಹೆಸರು ಬರೆದರೆ ಹೇಗೆ?
— ಗೃಹಿಣಿ, ಕುವೆಂಪುನಗರ, ಮೈಸೂರು

ಉತ್ತರ: ಆ ಶಾಯಿ ನಮ್ಮ ಹೆಮ್ಮೆ. 1937ರಲ್ಲಿ ನಾಲ್ವಡಿಯವರ ಕಾಲದಲ್ಲಿ ಶುರುವಾದ ಅರಗು ಮತ್ತು ಬಣ್ಣದ ಕಾರ್ಖಾನೆ, ಇವತ್ತಿನ ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್, 1962ರ ಚುನಾವಣೆಯಿಂದ ಅದನ್ನು ಕೊಡುತ್ತಾ ಬಂದಿದೆ. ಆದರೆ ಅದು ಚುನಾವಣೆ ಕೆಲಸಕ್ಕೆ ಹೋಗುವ ವಸ್ತು, ಅಂಗಡಿಯಲ್ಲಿ ಸಿಗುವುದಿಲ್ಲ. ಅದರಲ್ಲಿರುವ ಸಿಲ್ವರ್ ನೈಟ್ರೇಟ್ ಚರ್ಮದ ಉಪ್ಪಿನ ಜೊತೆ ಸೇರಿ, ಬೆಳಕಿಗೆ ಕಪ್ಪಾಗಿ ಚರ್ಮಕ್ಕೇ ಕಚ್ಚಿಕೊಳ್ಳುತ್ತದೆ. ಬೆರಳಿಗೆಂದೇ ಮಾಡಿದ್ದು ಅದು, ಕುಂಡಕ್ಕಲ್ಲ.

ಮಣ್ಣಿನ ಕುಂಡದ ಮೈಯಿಂದ ನೀರು ಜಿನುಗುತ್ತದೆ. ಜೊತೆಗೆ ಬಂದ ಉಪ್ಪು ಬಿಳಿಯಾಗಿ ಹೊರಗೆ ಕೂತು ಪೇಂಟನ್ನು ಎಬ್ಬಿಸುತ್ತದೆ. ಹಾಗಾಗಿ ಹೊಟ್ಟೆಯ ಭಾಗದಲ್ಲಿ ಬರೆಯಬೇಡಿ. ಬಾಯಿಯ ಅಂಚು ಮಣ್ಣಿನ ಮಟ್ಟಕ್ಕಿಂತ ಮೇಲೆ ಒಣಗಿಕೊಂಡೇ ಇರುತ್ತದೆ. ಅಲ್ಲಿ ಕಬ್ಬಿಣದ ಮೊಳೆಯಲ್ಲಿ ನಂಬರ್ ಕೊರೆದು, ಆ ಗೀರಿನೊಳಗೆ ಸಣ್ಣ ಬ್ರಷ್‌ನಲ್ಲಿ ಕಪ್ಪು ಎನಾಮಲ್ ತುಂಬಿ. ಯಾವ ನಂಬರ್ ಯಾವ ಗಿಡ ಅಂತ ಒಂದು ನೋಟ್‌ಬುಕ್ಕಿನಲ್ಲಿ ಪೆನ್ಸಿಲಲ್ಲಿ ಬರೆದಿಡಿ. ಕುಂಡದಲ್ಲಿ ಗಿಡ ಬದಲಾದಾಗ ನೋಟ್‌ಬುಕ್ಕಿನಲ್ಲಿ ಅಳಿಸಿ ಬರೆದರಾಯಿತು.